ಒಂದನೆಯದೇ ಮೊದಲಾಗಬೇಕೆ?

ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ ತನ್ನ ಹಳೆಯ ಡ್ರ್ಯಾಗನ್ ಕ್ವೆಸ್ಟ್ ಗೇಮ್‌ಗಳಿಗೆ ಹೊಸ ಬಣ್ಣ ಬಳಿದು ಮತ್ತೆ ಮಾರಲು ಹೊರಟಾಗ, ಮೊದಲು ಅಂಗಡಿಗೆ ಬಂದದ್ದು ಮೂರನೆಯ ಭಾಗ. ಅದು 2024ರ ನವೆಂಬರ್. ಒಂದನೆಯದು, ಎರಡನೆಯದು ಜೋಡಿಯಾಗಿ ಬಂದದ್ದು ಮರುವರ್ಷ ಅಕ್ಟೋಬರ್ ಕೊನೆಗೆ. ಇದು ಎಡವಟ್ಟಲ್ಲ. ಮೂಲ ಗೇಮ್‌ಗಳು 1986, 1987, 1988ರಲ್ಲಿ ಒಂದರ ಹಿಂದೊಂದು ಬಂದಿದ್ದವು. ಆದರೆ ಮೂರನೆಯದರ ಕಥೆ ನಡೆಯುವುದು ಮೊದಲೆರಡಕ್ಕಿಂತ ಬಹಳ ಹಿಂದಿನ ಕಾಲದಲ್ಲಿ. ಹಾಗಾಗಿ ಕಂಪನಿ ಈ ಸಲ ಕಥೆಯ ಕಾಲಕ್ಕೆ ತಕ್ಕಂತೆ ಜೋಡಿಸಿತು. ಲೆಕ್ಕ ಸರಿಯಾಗಿದೆ. ಒಂದೇ ತೊಂದರೆ ಎಂದರೆ, ಮೂರನೆಯದು ಹಿಂದಿನ ಕಥೆ ಎಂಬುದು 1988ರ ಜಪಾನಿ ಹುಡುಗರಿಗೆ ಆಟದ ಕೊನೆಯ ಹೊತ್ತಿಗೆ ಬಿಚ್ಚಿಕೊಂಡ ಗುಟ್ಟು. ಈಗ ಅದು ಜಾಹೀರಾತಿನ ಸಾಲು. ನಾನೂ ಇಲ್ಲಿ ಹೇಳಿಬಿಟ್ಟೆ, ಆದರೆ ತಯಾರಿಸಿದವರೇ ಸಾರಿದ ಮೇಲೆ ನನ್ನದೇನು ಹೋಗುವುದು?

ಇದನ್ನು ನೆನಪಿಗೆ ತಂದವನು ಕೆಂಗೇರಿ ಉಪನಗರದಲ್ಲಿರುವ ನನ್ನ ಅಕ್ಕನ ಮಗ. ಕೆಲಸಕ್ಕೆ ಸೇರಿದ್ದಾನೆ, ಕೈಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿದೆ, ‘ಟ್ರೇಲ್ಸ್’ ಎಂಬ ಸರಣಿಯ ಮೇಲೆ ಕಣ್ಣು ಬಿದ್ದಿದೆ. “ಮಾಮ, ಹದಿಮೂರು ಗೇಮ್ ಇದಾವಂತೆ. ಒಂದರಿಂದಾನೇ ಆಡ್ಬೇಕಾ, ಇಲ್ಲ ಹೊಸದನ್ನೇ ಶುರು ಮಾಡಿದ್ರೂ ನಡಿಯುತ್ತಾ?” ಅಂತ ಫೋನಿನಲ್ಲಿ ಕೇಳಿದ. ಒಂದು ಮಾತಲ್ಲಿ ಉತ್ತರ ಕೊಡಬಹುದಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಸಿನಿಮಾ, ಕಾದಂಬರಿಗಳಿಗೂ ಇದೇ ಪ್ರಶ್ನೆ ಬರುತ್ತದಾದರೂ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿಗಳಲ್ಲಿ ಇದು ಬೇರೆಯೇ ಗಾತ್ರದ ಪ್ರಶ್ನೆ.

ಗೇಮ್ ಆಡದ ಓದುಗರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆರ್‌ಪಿಜಿಯಲ್ಲಿ ನೀವು ಒಂದು ಪಾತ್ರವನ್ನು ಹೊತ್ತು ಒಂದು ಲೋಕದಲ್ಲಿ ಓಡಾಡುತ್ತೀರಿ. ಊರಿನವರನ್ನು ಮಾತಾಡಿಸುತ್ತೀರಿ, ಜಗಳವಾಡುತ್ತೀರಿ, ಬಲ ಗಳಿಸುತ್ತೀರಿ, ಆಗಾಗ ಕಥೆಯ ದಿಕ್ಕು ಬದಲಿಸುವ ತೀರ್ಮಾನ ಮಾಡುತ್ತೀರಿ. ಒಂದು ಗೇಮ್ ಮುಗಿಸಲು ನಲವತ್ತು, ಅರುವತ್ತು, ಕೆಲವೊಮ್ಮೆ ನೂರು ಗಂಟೆ ಬೇಕು. ಸಿನಿಮಾ ಸರಣಿಯನ್ನು ತಪ್ಪು ಜಾಗದಿಂದ ಶುರು ಮಾಡಿದರೆ ಕಳೆದುಕೊಳ್ಳುವುದು ಒಂದು ಸಂಜೆ. ಇಲ್ಲಿ ಕಳೆದುಕೊಳ್ಳುವುದು ಒಂದು ಋತು.

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಈ ಪ್ರಶ್ನೆ ತಡವಾಗಿ ಹುಟ್ಟಲು ಒಂದು ಕಾರಣವಿದೆ ಎಂಬುದು ನನ್ನ ಅಂದಾಜು. ಎರಡು ಸಾವಿರದ ಇಸವಿಯ ಮೊದಲ ವರ್ಷಗಳಲ್ಲಿ ವಿಜಯನಗರ, ರಾಜಾಜಿನಗರದ ಹುಡುಗರು ಗೇಮ್ ಆಡಿದ್ದು ಹೆಚ್ಚಾಗಿ ಬ್ರೌಸಿಂಗ್ ಸೆಂಟರ್‌ಗಳಲ್ಲಿ. ಗಂಟೆ ಲೆಕ್ಕದ ದುಡ್ಡು, ಪ್ಲೈವುಡ್ ಗೂಡು, ಐದಾರು ಜನ ಸೇರಿ ಕೌಂಟರ್ ಸ್ಟ್ರೈಕ್. ಅಂಥ ಕಡೆ ಆರ್‌ಪಿಜಿ ಬೇರೂರುವಂತಿರಲಿಲ್ಲ. ನಿನ್ನೆ ಎಲ್ಲಿ ನಿಲ್ಲಿಸಿದ್ದೆವೋ ಅದು ಸೇವ್ ಫೈಲ್ ಆಗಿ ಅದೇ ಕಂಪ್ಯೂಟರಿನಲ್ಲಿ ಉಳಿದಿರಬೇಕು. ಆ ಕಂಪ್ಯೂಟರಿನಲ್ಲಿ ಇವತ್ತು ಯಾರೋ ರೈಲ್ವೆ ಟಿಕೆಟ್ ಬುಕ್ ಮಾಡುತ್ತಿರುತ್ತಾರೆ. ಮನೆಗೆ ಕಂಪ್ಯೂಟರ್ ಬಂದ ಮೇಲೂ ಕ್ರಮದ ಚಿಂತೆ ಇರಲಿಲ್ಲ. ಮೆಜೆಸ್ಟಿಕ್ ಸುತ್ತಮುತ್ತ ಯಾವ ಸಿಡಿ ಸಿಕ್ಕಿತೋ ಅದೇ ಮೊದಲನೆಯದು. ಫೈನಲ್ ಫ್ಯಾಂಟಸಿಯ ಎಂಟನೆಯ ಭಾಗವನ್ನು ಸಿಡಿಗಳಲ್ಲಿ ತಂದು ಆಡಿದವನಿಗೆ, ಇದಕ್ಕೆ ಮುಂಚೆ ಏಳು ಇವೆಯಲ್ಲ ಎಂಬ ಅಳುಕು ಹುಟ್ಟಲೇ ಇಲ್ಲ. ಆಯ್ಕೆ ಇಲ್ಲದವನಿಗೆ ಗೊಂದಲವೂ ಇಲ್ಲ. ಈಗ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಎಲ್ಲವೂ ಒಂದೇ ಕಪಾಟಿನಲ್ಲಿ ಸಾಲಾಗಿ ನಿಂತಿವೆ. 2015ರಿಂದ ಬೆಲೆಯೂ ರೂಪಾಯಿಯಲ್ಲೇ ಕಾಣುತ್ತದೆ. ಹಾಗಾಗಿ ಯಾವುದರಿಂದ ಎಂಬ ಪ್ರಶ್ನೆ.

ಅಂದಹಾಗೆ ಆ ಎಂಟನೆಯದನ್ನು ಆಡಿದವನು ಏನನ್ನೂ ಕಳೆದುಕೊಂಡಿರಲಿಲ್ಲ. 1987ರಲ್ಲಿ ಶುರುವಾದ ಫೈನಲ್ ಫ್ಯಾಂಟಸಿಯಲ್ಲಿ ಒಂದೊಂದು ಸಂಖ್ಯೆಗೂ ಬೇರೆ ಲೋಕ, ಬೇರೆ ಜನ. ಹತ್ತನೆಯದು ಆಡಲು ಒಂಬತ್ತನೆಯದು ಗೊತ್ತಿರಬೇಕಿಲ್ಲ. ಇನ್ನೂ ತಮಾಷೆ ಎಂದರೆ ಆ ಸಂಖ್ಯೆಗಳನ್ನೇ ಒಂದು ಕಾಲದಲ್ಲಿ ನಂಬುವಂತಿರಲಿಲ್ಲ. ಜಪಾನಿನ ಎರಡು, ಮೂರು, ಐದನೆಯ ಭಾಗಗಳನ್ನು ಅಮೆರಿಕಕ್ಕೆ ಆಗ ಕಳಿಸಲೇ ಇಲ್ಲ. ಹಾಗಾಗಿ ನಾಲ್ಕನೆಯದು ಅಲ್ಲಿ ‘ಎರಡು’ ಎಂಬ ಹೆಸರಲ್ಲಿ, ಆರನೆಯದು 1994ರಲ್ಲಿ ‘ಮೂರು’ ಎಂಬ ಹೆಸರಲ್ಲಿ ಮಾರಾಟವಾಯಿತು. 1997ರಲ್ಲಿ ಏಳನೆಯದು ಏಳಾಗಿಯೇ ಬಂದಾಗ ಅಮೆರಿಕದ ಹುಡುಗರು ನಡುವಿನ ಮೂರು ಎಲ್ಲಿ ಹೋದವು ಎಂದು ಹುಡುಕಾಡಿರಬೇಕು. ಕಿಂಗ್‌ಡಮ್ ಹಾರ್ಟ್ಸ್‌ನಲ್ಲಿ ಇದರ ತದ್ವಿರುದ್ಧ. 2002ರಲ್ಲಿ ಮೊದಲನೆಯದು, 2005ರಲ್ಲಿ ಎರಡನೆಯದು, ಎರಡೂ ಪ್ಲೇಸ್ಟೇಷನ್ 2ರಲ್ಲಿ. ಒಂದಾದ ಮೇಲೆ ಎರಡು ಎಂದು ಹೋದವರು ಎರಡನೆಯದರ ಆರಂಭದಲ್ಲೇ ಕಂಗಾಲಾದರು. ನಡುವೆ 2004ರಲ್ಲಿ ‘ಚೈನ್ ಆಫ್ ಮೆಮೊರೀಸ್’ ಎಂಬ, ಸಂಖ್ಯೆಯೇ ಇಲ್ಲದ ಒಂದು ಗೇಮ್ ನಿಂಟೆಂಡೊದ ಪುಟ್ಟ ಕೈಯಂತ್ರದಲ್ಲಿ ಬಂದಿತ್ತು. ಕಥೆಯ ಕೊಂಡಿ ಇದ್ದದ್ದು ಅದರಲ್ಲಿ.

ಆದ್ದರಿಂದ ಸಂಖ್ಯೆಯನ್ನು ಒತ್ತಟ್ಟಿಗಿಡೋಣ. ಉಳಿಯುವುದು ಎರಡು ಕ್ರಮ. ಕಥೆಯೊಳಗಿನ ಕಾಲ ಒಂದು, ಗೇಮ್‌ಗಳು ಹೊರಬಂದ ಕಾಲ ಇನ್ನೊಂದು. ಗೇಮ್ ಆಡದವರಿಗೂ ಇದರ ಬಿಸಿ ತಟ್ಟಿದೆ. ‘ಕಾಂತಾರ’ ಬಂದದ್ದು 2022ರಲ್ಲಿ. ‘ಕಾಂತಾರ: ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ರಂದು, ಆದರೆ ಕಥೆ ಕದಂಬರ ಕಾಲದ್ದು. ಎರಡನ್ನೂ ನೋಡಿರದ ನೆಂಟರೊಬ್ಬರು ಈಗ ನೋಡುತ್ತೇನೆಂದರೆ ಯಾವುದನ್ನು ಮೊದಲು ಹಾಕಿಕೊಡುತ್ತೀರಿ? ಹೆಸರಿನಲ್ಲೇ ಒಂದು ಇದೆಯಲ್ಲ ಎಂದು ಅದನ್ನು ಹಾಕಿದರೆ ದೈವ, ಕಾಡು, ಆ ಕೂಗು ಯಾವುದರ ಭಾರವೂ ಅವರಿಗೆ ತಿಳಿಯದು. ಆಮೇಲೆ ಮಾಡಿದ ಹಿಂದಿನ ಕಥೆ, ನೋಡುಗನಿಗೆ ಮುಂದಿನದು ಗೊತ್ತಿದೆ ಎಂದು ನಂಬಿಕೊಂಡೇ ಹೆಜ್ಜೆ ಇಡುತ್ತದೆ. ಅದು ಹೇಳದೆ ಬಿಟ್ಟದ್ದನ್ನು ತುಂಬಿಕೊಳ್ಳಬೇಕಾದವರು ನಾವು. ‘ಕೆಜಿಎಫ್’ಗೆ ಈ ತಾಪತ್ರಯವಿಲ್ಲ. 2018ರದ್ದು, ಆಮೇಲೆ 2022ರದ್ದು, ಮುಗಿಯಿತು.

ನಾನು ಹೊರಬಂದ ಕ್ರಮದ ಕಡೆಯವನು ಎಂಬುದು ಇಷ್ಟರಲ್ಲಿ ಗೊತ್ತಾಗಿರಬೇಕು. ಆದರೆ ಅದನ್ನೇ ಕಟ್ಟಾ ನಿಯಮ ಮಾಡಿಕೊಂಡರೆ ಕನ್ನಡದವರಾಗಿ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ಯಕ್ಷಗಾನದಲ್ಲಿ ಗದಾಯುದ್ಧ ನೋಡಲು ಕೂತವರು ಯಾರೂ ಸಭಾಪರ್ವ ಮುಗಿಸಿಕೊಂಡು ಬಂದಿರುವುದಿಲ್ಲ. ಗಮಕಿಗಳು ಕುಮಾರವ್ಯಾಸನ ಯಾವ ಸಂಧಿ ತೆಗೆದರೂ ಕೇಳುವವರು ಅಲ್ಲಿಂದಲೇ ಕಥೆಗೆ ಇಳಿಯುತ್ತಾರೆ. ಕುಮಾರವ್ಯಾಸನದೂ ಪೂರ್ತಿ ಸರಣಿಯಲ್ಲವಷ್ಟೆ. ಅವನ ಭಾರತ ಗದಾಪರ್ವಕ್ಕೆ, ಹತ್ತನೆಯದಕ್ಕೆ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಹೇಳಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಎಲ್ಲಿಂದ ಬೇಕಾದರೂ ಹೊಗಬಹುದು, ಯಾಕೆಂದರೆ ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಯಾರಿಗೂ ಗುಟ್ಟಲ್ಲ. ಗೇಮಿನ ಲೋಕದಲ್ಲಿ ಆ ಸಮಾನ ನೆನಪು ಇಲ್ಲ. ಅಲ್ಲಿಗೆ ಬರುವವನು ಬರಿಗೈಯಲ್ಲಿ ಬರುತ್ತಾನೆ.

ಬರಿಗೈಯಲ್ಲಿ ಬಂದವನಿಗೂ ಕೊನೆಯಿಂದ ಕಥೆ ಹೇಳುವ ಒಂದು ಉಪಾಯವಿದೆ, ಅದೂ ನಮ್ಮವರಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ರನ್ನ ‘ಸಾಹಸಭೀಮ ವಿಜಯ’ದಲ್ಲಿ, ಅಂದರೆ ನಾವು ಗದಾಯುದ್ಧ ಎಂದು ಕರೆಯುವ ಕಾವ್ಯದಲ್ಲಿ, ಕುರುಕ್ಷೇತ್ರದ ಕಡೆಯ ಘಟ್ಟವನ್ನು ಎತ್ತಿಕೊಂಡ. ಅದಕ್ಕೆ ಮುಂಚಿನ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ, ನಡೆಯುತ್ತ ನಡೆಯುತ್ತ ತಿರುಗಿ ನೋಡುವ ಸಿಂಹದ ಹಾಗೆ, ಪಾತ್ರಗಳ ಬಾಯಲ್ಲೇ ಹೇಳಿಸಿದ. ಓದುಗ ಹಿಂದಿನದನ್ನು ಬೇರೆ ಕಡೆ ಹುಡುಕಿಕೊಂಡು ಹೋಗಬೇಕಿಲ್ಲ, ಕವಿಯೇ ಅವನ ಪರವಾಗಿ ತಿರುಗಿ ನೋಡಿದ್ದಾನೆ. ಒಂದು ಗೇಮ್ ಸರಣಿಯನ್ನು ನಡುವಿನಿಂದ ಶುರು ಮಾಡಬಹುದೇ ಎಂದು ಯಾರಾದರೂ ಕೇಳಿದರೆ ನಾನು ಕೇಳುವ ಮರುಪ್ರಶ್ನೆ ಇದೊಂದೇ: ಆ ಭಾಗವನ್ನು ಬರೆದವನು ನಿಮಗಾಗಿ ತಿರುಗಿ ನೋಡಿದ್ದಾನೆಯೇ?

‘ದಿ ವಿಚರ್’ನ ಮೂರನೆಯ ಭಾಗ ಬರೆದವರು ನೋಡಿದ್ದಾರೆ. ಪೋಲೆಂಡಿನ ಈ ಸರಣಿ 2007, 2011, 2015ರಲ್ಲಿ ಬಂತು. ಜಗತ್ತು ಆಡಿದ್ದು ಮೂರನೆಯದನ್ನೇ. ಅದರಲ್ಲೊಂದು ದೃಶ್ಯವಿದೆ. ನಾಯಕ ಗೆರಾಲ್ಟನನ್ನು ಚಕ್ರವರ್ತಿಯ ಮುಂದೆ ನಿಲ್ಲಿಸುವ ಮುನ್ನ ಅರಮನೆಯಲ್ಲಿ ಗಡ್ಡ ಹೆರೆಸುತ್ತಾರೆ. ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಒಬ್ಬ ಸೇನಾಧಿಕಾರಿ ಬಂದು, ಆ ಗಲಾಟೆಯಲ್ಲಿ ನೀನು ಯಾರ ಪಕ್ಷ ಹಿಡಿದೆ, ಇಂಥವನನ್ನು ಕೊಂದೆಯಾ ಬಿಟ್ಟೆಯಾ ಎಂದು ವಿಚಾರಣೆ ಮಾಡುತ್ತಾನೆ. ಅವೆಲ್ಲ ಎರಡನೆಯ ಭಾಗದಲ್ಲಿ ಆಟಗಾರ ಮಾಡಬೇಕಿದ್ದ ತೀರ್ಮಾನಗಳು. ಆ ಭಾಗವನ್ನು ಆಡದವನು ಇಲ್ಲಿ ಬಾಯಿಮಾತಲ್ಲಿ ಉತ್ತರ ಕೊಟ್ಟರೆ ಕಥೆ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಕ್ಷೌರದ ನೆಪದಲ್ಲಿ ಸಿಂಹಾವಲೋಕನ! ಹೀಗಾಗಿ ವಿಚರ್ ಅನ್ನು ಮೂರರಿಂದಲೇ ಶುರು ಮಾಡಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಮೊದಲನೆಯದರ ಕತ್ತಿವರಸೆ ಇವತ್ತಿನ ಕೈಗೆ ಒಗ್ಗುವುದೂ ಇಲ್ಲ. ಅದರ ರೀಮೇಕ್ ಮಾಡುತ್ತೇವೆಂದು ಕಂಪನಿಯವರು 2022ರಲ್ಲೇ ಹೇಳಿದ್ದಾರೆ, ಬಂದಾಗ ಆಡಿದರಾಯಿತು. ‘ಬಾಲ್ಡರ್ಸ್ ಗೇಟ್ 3’ಕ್ಕೂ ಇದೇ ಮಾತು. ಮೊದಲೆರಡು 1998 ಮತ್ತು 2000ದಲ್ಲಿ ಕೆನಡಾದ ಬಯೋವೇರ್ ಮಾಡಿದ್ದು, 2023ರ ಮೂರನೆಯದು ಬೆಲ್ಜಿಯಮ್ಮಿನ ಲೇರಿಯನ್ ಮಾಡಿದ್ದು. ಕಥೆಯೊಳಗೆ ನೂರಕ್ಕೂ ಹೆಚ್ಚು ವರ್ಷ ಕಳೆದಿವೆ. ಇದು ಕುಮಾರವ್ಯಾಸ ನಿಲ್ಲಿಸಿದ ಮೇಲೆ ತಿಮ್ಮಣ್ಣ ಕವಿ ತನ್ನದನ್ನು ಹೊಸದಾಗಿ ಹಾಡಿದಂತೆ.

‘ಮಾಸ್ ಎಫೆಕ್ಟ್’ನ ಮೂರು ಭಾಗಗಳಿಗೆ ಮಾತ್ರ ಈ ರಿಯಾಯಿತಿ ಬೇಡ. 2007ರ ಮೊದಲ ಭಾಗದಲ್ಲಿ ನೀವು ಯಾರನ್ನು ಉಳಿಸಿದಿರಿ, ಯಾರನ್ನು ಬಿಟ್ಟಿರಿ ಎಂಬುದು ಸೇವ್ ಫೈಲ್ ಮೂಲಕ 2010, 2012ರ ಭಾಗಗಳಿಗೆ ಸಾಗುತ್ತದೆ. ಎರಡನೆಯದು 2011ರ ಜನವರಿಯಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದಾಗ ಆ ಯಂತ್ರದಲ್ಲಿ ಮೊದಲನೆಯದೇ ಇರಲಿಲ್ಲ. ಅದಕ್ಕೆ ಒಂದು ಚಿತ್ರಕಥೆ ಅಂಟಿಸಿದರು. ಪುಟ ತಿರುಗಿಸುತ್ತ ದೊಡ್ಡ ತೀರ್ಮಾನಗಳನ್ನು ಅದರಲ್ಲೇ ಮಾಡಿಬಿಡಬಹುದಿತ್ತು. ಅದೂ ತಿರುಗಿ ನೋಡುವಿಕೆಯೇ, ಆದರೆ ಬಡಕಲು. ಮೂವತ್ತು ಗಂಟೆ ಜೊತೆಗಿದ್ದ ಸಂಗಾತಿಯನ್ನು ಕಳೆದುಕೊಳ್ಳುವುದಕ್ಕೂ, ಮುಖ ಪರಿಚಯವಿಲ್ಲದವನ ಹೆಸರಿನ ಮುಂದೆ ಗುಂಡಿ ಒತ್ತುವುದಕ್ಕೂ ಸಂಬಂಧವಿಲ್ಲ. 2021ರಿಂದ ಮೂರೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ, ಹಾಗಾಗಿ ಒಂದು, ಎರಡು, ಮೂರು.

ಇನ್ನು ಕೆಲವು ಸರಣಿಗಳಿಗೆ ಕ್ರಮದ ಹಂಗೇ ಇಲ್ಲ. ಎಲ್ಡರ್ ಸ್ಕ್ರೋಲ್ಸ್‌ನಲ್ಲಿ 1994ರ ‘ಅರೀನಾ’ದಿಂದ 2011ರ ‘ಸ್ಕೈರಿಮ್’ವರೆಗೆ ಐದು ಮುಖ್ಯ ಗೇಮ್‌ಗಳಿವೆ. ನಿಷ್ಠೆಯಿಂದ ಅರೀನಾದಿಂದ ಶುರು ಮಾಡುವವರಲ್ಲಿ ಹೆಚ್ಚಿನವರು ಮೊದಲ ನೆಲಮಾಳಿಗೆಯಲ್ಲೇ ಸತ್ತು ಹವ್ಯಾಸ ಬಿಡುತ್ತಾರೆ. ಪರ್ಸೋನ ಮೂರು, ನಾಲ್ಕು, ಐದರಲ್ಲಿ ಯಾವುದನ್ನು ಬೇಕಾದರೂ ಎತ್ತಿಕೊಳ್ಳಿ. ಜಪಾನಿನ ಭೂಗತ ಲೋಕದ ‘ಯಾಕುಜಾ’ ಸರಣಿ 2005ರಲ್ಲಿ ಹೊಡೆದಾಟದ ಗೇಮ್ ಆಗಿ ಹುಟ್ಟಿ, 2020ರಲ್ಲಿ ಹೊಸ ನಾಯಕನೊಂದಿಗೆ ಆರ್‌ಪಿಜಿಯಾಗಿ ಮಗ್ಗುಲು ಬದಲಿಸಿತು. ಅದರಲ್ಲಿ ನನ್ನ ಕಾಂತಾರ ಸೂತ್ರ ಕೆಲಸ ಮಾಡುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹತ್ತು ವರ್ಷ ತಡವಾಗಿ, 2015ರಲ್ಲಿ ಬಂದ ಹಿಂದಿನ ಕಥೆ ‘ಯಾಕುಜಾ 0’ ಶುರು ಮಾಡಲು ಬಹಳ ಒಳ್ಳೆಯ ಜಾಗ. ಅದು ಮುಂದಿನ ಕಥೆಯ ಗುಟ್ಟಿನ ಮೇಲೆ ಒರಗಿಕೊಳ್ಳದೆ ಸ್ವಂತ ಕಾಲ ಮೇಲೆ ನಿಂತಿದೆ.

ಈಗ ಟ್ರೇಲ್ಸ್‌ಗೆ ಬರೋಣ. ಇಷ್ಟೆಲ್ಲ ಪೀಠಿಕೆ ಬೇಕಾದದ್ದೇ ಅದಕ್ಕಾಗಿ.

ಟೋಕಿಯೊದ ಹೊರವಲಯದ ತಾಚಿಕಾವಾದಲ್ಲಿ ನಿಹಾನ್ ಫಾಲ್ಕಮ್ ಎಂಬ ಕಂಪನಿಯಿದೆ. ಶುರುವಾದದ್ದು 1981ರಲ್ಲಿ. ಈ ಸರಣಿಯನ್ನು ಕಟ್ಟಿದ ಕಾಲದುದ್ದಕ್ಕೂ ಅಲ್ಲಿ ನೂರು ಜನ ಕೆಲಸಗಾರರೂ ಇರಲಿಲ್ಲ. ಈಗಿನ ಅಧ್ಯಕ್ಷ ತೊಶಿಹಿರೊ ಕೊಂಡೊ ಒಂದು ಕಾಲದಲ್ಲಿ ಇದೇ ಕಂಪನಿಯ ಗೇಮ್‌ಗೆ ಅಭಿಮಾನಿ ವೆಬ್‌ಸೈಟ್ ನಡೆಸುತ್ತಿದ್ದವರು. ಅವರ ಸರಣಿಯ ಪೂರ್ತಿ ಹೆಸರು ‘ದಿ ಲೆಜೆಂಡ್ ಆಫ್ ಹೀರೋಸ್: ಟ್ರೇಲ್ಸ್’. ಹೊಸಬರ ಮೊದಲ ಗೊಂದಲವೂ ಇಲ್ಲೇ. 2004ರಲ್ಲಿ ಜಪಾನಿನಲ್ಲಿ ಬಂದ ಮೊದಲ ಟ್ರೇಲ್ಸ್, ಅಂದರೆ ‘ಟ್ರೇಲ್ಸ್ ಇನ್ ದಿ ಸ್ಕೈ’, ಲೆಜೆಂಡ್ ಆಫ್ ಹೀರೋಸ್‌ನ ಆರನೆಯ ಭಾಗ. ಹಾಗಾದರೆ 1989ರಿಂದ ಬಂದ ಹಿಂದಿನ ಐದನ್ನು ಆಡಬೇಕೇ? ಬೇಡ. ಅವುಗಳ ಲೋಕ ಬೇರೆ. ಸ್ಕೈಯಿಂದ ಮುಂದಿನ ಹದಿಮೂರು ಮಾತ್ರ ಜೆಮೂರಿಯಾ ಎಂಬ ಒಂದೇ ಖಂಡದಲ್ಲಿ ನಡೆಯುವ ಒಂದೇ ಕಥೆ. ಲಿಬರ್ಲ್ ಎಂಬ ಪುಟ್ಟ ರಾಜ್ಯದಲ್ಲಿ ಮೂರು ಗೇಮ್, ಎರಡು ಬಲಿಷ್ಠ ದೇಶಗಳ ನಡುವೆ ಸಿಕ್ಕಿಕೊಂಡ ಕ್ರಾಸ್‌ಬೆಲ್‌ನಲ್ಲಿ ಎರಡು, ಎರೆಬೋನಿಯಾ ಸಾಮ್ರಾಜ್ಯದಲ್ಲಿ ‘ಕೋಲ್ಡ್ ಸ್ಟೀಲ್’ ಹೆಸರಿನ ನಾಲ್ಕು, ಇವೆಲ್ಲವನ್ನೂ ಗಂಟು ಹಾಕುವ ‘ರೆವರಿ’ ಒಂದು, ಆಮೇಲೆ ಕ್ಯಾಲ್ವರ್ಡ್ ಗಣರಾಜ್ಯದಲ್ಲಿ ಇಲ್ಲಿಯವರೆಗೆ ಮೂರು.

ಈ ಗೇಮ್‌ಗಳ ಹೆಚ್ಚುಗಾರಿಕೆ ಹೊಡೆದಾಟದಲ್ಲಿಲ್ಲ, ಊರವರಲ್ಲಿದೆ. ಬೇರೆ ಗೇಮ್‌ಗಳಲ್ಲಿ ಬೀದಿಯಲ್ಲಿ ನಿಂತ ಮುದುಕ ಎಷ್ಟು ಸಲ ಮಾತಾಡಿಸಿದರೂ ಅದೇ ಒಂದು ಸಾಲು ಒದರುತ್ತಾನೆ. ಇಲ್ಲಿ ಕಥೆ ಒಂದು ಹೆಜ್ಜೆ ಇಟ್ಟರೆ ಸಾಕು, ಊರಿನ ಬಹುತೇಕ ಎಲ್ಲರ ಮಾತೂ ಬದಲಾಗುತ್ತದೆ. ಹೋಟೆಲಿನವಳ ಮದುವೆ ಮಾತು, ಮೀನು ಹಿಡಿಯುವವನ ಜಗಳ, ಪತ್ರಕರ್ತನ ತರಲೆ, ಎಲ್ಲವೂ ಒಂದು ಗೇಮಿನಿಂದ ಇನ್ನೊಂದಕ್ಕೆ ಹರಿಯುತ್ತವೆ. ನಾಲ್ಕು ಗೇಮ್ ಆದ ಮೇಲೆ ಬೇರೆ ದೇಶದ ರೈಲು ನಿಲ್ದಾಣದಲ್ಲಿ ಅವರಲ್ಲೊಬ್ಬರು ಎದುರಾದಾಗ, ಮೊದಲಿನಿಂದ ಬಂದವನು ಕೂತಲ್ಲೇ ನಗುತ್ತಾನೆ. ನಡುವೆ ಬಂದವನಿಗೆ ಅವರು ಯಾರೋ ದಾರಿಹೋಕರು. ಇದನ್ನು ಸಾರಾಂಶ ಓದಿ ತುಂಬಿಕೊಳ್ಳಲಾಗದು. ಫಾಲ್ಕಮ್‌ನವರು ಮೆನುವಿನಲ್ಲಿ ಹಿಂದಿನ ಕಥೆಯ ಸಾರಾಂಶ ಇಡುತ್ತಾರೆ ನಿಜ, ಆದರೆ ಅದು ಪರೀಕ್ಷೆ ಹಿಂದಿನ ರಾತ್ರಿಯ ಗೈಡು.

ಹಾಗಿದ್ದರೆ ಕೋಲ್ಡ್ ಸ್ಟೀಲ್‌ನಿಂದ ಶುರು ಮಾಡಿ ಎಂದು ಹೇಳುವ ಇಷ್ಟೊಂದು ಅನುಭವಿಗಳು ಎಲ್ಲಿಂದ ಬಂದರು? ಅದಕ್ಕೊಂದು ಚರಿತ್ರೆ ಇದೆ. ಜಪಾನಿನಲ್ಲಿ ಹತ್ತಿರ ಹತ್ತಿರ ಬಂದ ಗೇಮ್‌ಗಳು ಇಂಗ್ಲಿಷಿಗೆ ಅಡ್ಡಾದಿಡ್ಡಿಯಾಗಿ ಬಂದವು. ಇವುಗಳಲ್ಲಿ ಮಾತು ಎಷ್ಟಿದೆ ಎಂದರೆ ಅನುವಾದವೇ ವರ್ಷಗಟ್ಟಲೆ ಹಿಡಿಯುತ್ತದೆ. ಸ್ಕೈಯ ಮೊದಲ ಭಾಗ ಇಂಗ್ಲಿಷಿನಲ್ಲಿ ಬಂದದ್ದು 2011ರ ಮಾರ್ಚ್‌ನಲ್ಲಿ. ಅದು ಮುಗಿಯುವುದು ಉಸಿರು ಸಿಕ್ಕಿಹಾಕಿಕೊಳ್ಳುವಂಥ ಜಾಗದಲ್ಲಿ. ಎರಡನೆಯ ಭಾಗ ಕೈಗೆ ಸಿಕ್ಕಿದ್ದು 2015ರ ಅಕ್ಟೋಬರ್ ಕೊನೆಗೆ. ನಾಲ್ಕೂವರೆ ವರ್ಷ! ಅದೇ ವರ್ಷಾಂತ್ಯಕ್ಕೆ ಕೋಲ್ಡ್ ಸ್ಟೀಲ್ ಕೂಡ ಬಂತು. ಜಪಾನಿನಲ್ಲಿ 2010, 2011ರಲ್ಲೇ ಬಂದಿದ್ದ ಕ್ರಾಸ್‌ಬೆಲ್‌ನ ಜೋಡಿ ‘ಝೀರೊ’, ‘ಅಜ್ಯೂರ್’ ಅಧಿಕೃತವಾಗಿ ಇಂಗ್ಲಿಷ್ ಕಂಡದ್ದು 2022, 2023ರಲ್ಲಿ. ಅಷ್ಟರಲ್ಲಿ ಕೋಲ್ಡ್ ಸ್ಟೀಲ್ ನಾಲ್ಕೂ ಮುಗಿದಿದ್ದವು. ಹಾಗಾಗಿ ಹಳೆಯ ಇಂಗ್ಲಿಷ್ ಆಟಗಾರರು ಹೇಳುವ ಕ್ರಮ ಅವರು ಯೋಚಿಸಿ ಆರಿಸಿಕೊಂಡದ್ದಲ್ಲ, ಅವರ ಪಾಲಿಗೆ ಬಂದದ್ದು. ನಮ್ಮ ಸಿಡಿ ಕಾಲದ ಹುಡುಗರಂತೆಯೇ.

ಈಗ ಹದಿಮೂರೂ ಇಂಗ್ಲಿಷಿನಲ್ಲಿ ಇರುವಾಗ ಆ ಹಣೆಬರಹ ನಮಗೆ ಬೇಕಿಲ್ಲ. ಕ್ರಾಸ್‌ಬೆಲ್‌ನ ಎರಡು ಮತ್ತು ಕೋಲ್ಡ್ ಸ್ಟೀಲ್‌ನ ಮೊದಲೆರಡು ಕಥೆಯೊಳಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆಯುತ್ತವೆ, ಒಂದು ಗಡಿಯ ಈಚೆ, ಇನ್ನೊಂದು ಆಚೆ. ಕಥೆಯ ಕಾಲದ ಲೆಕ್ಕ ಹಿಡಿದರೆ ಯಾವುದು ಮೊದಲು ಎಂದು ಹೇಳಲಾಗದು. ಬರೆದವರು ಯಾವ ಗುಟ್ಟನ್ನು ಯಾವಾಗ ಬಿಚ್ಚಿದರು ಎಂದು ನೋಡಿದರೆ ಅನುಮಾನ ಉಳಿಯುವುದಿಲ್ಲ. ಕ್ರಾಸ್‌ಬೆಲ್ ಮೊದಲು, ಸಾಮ್ರಾಜ್ಯ ಆಮೇಲೆ. ಸ್ಕೈಯ ಮೂರನೆಯ ಭಾಗವನ್ನು ಬಿಟ್ಟು ಮುಂದೆ ಹೋಗಿ ಎನ್ನುವವರೂ ಇದ್ದಾರೆ. ಅದರ ನಾಯಕನೂ ಬೇರೆ, ನಡಿಗೆಯೂ ಬೇರೆ ಎಂಬುದು ಅವರ ತಕರಾರು. ಅವರ ಮಾತು ಕೇಳಬೇಡಿ. ಮುಂದಿನ ಹತ್ತು ಗೇಮ್‌ಗಳ ಬೀಜಗಳಲ್ಲಿ ಬಹಳಷ್ಟು ಬಿದ್ದಿರುವುದು ಅದರಲ್ಲೇ.

ಸ್ಕೈಯ ಮೊದಲ ಭಾಗವನ್ನು 2025ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಹೊಸದಾಗಿ ಕಟ್ಟಿ ತಂದಿದ್ದಾರೆ. ಅಪ್ಪನನ್ನು ಹುಡುಕಿಕೊಂಡು ದೇಶ ಸುತ್ತುವ ಎಸ್ಟೆಲ್ ಎಂಬ ಗಯ್ಯಾಳಿ ಹುಡುಗಿ, ಅವಳ ಮನೆಯಲ್ಲೇ ಬೆಳೆದ ಜೋಶುವಾ, ಎಲ್ಲ ಹಳೆಯದೇ ಕಥೆ. ಇವತ್ತು ಶುರು ಮಾಡುವವರು ಈ ರೀಮೇಕನ್ನೇ ತೆಗೆದುಕೊಳ್ಳಲಿ. ಎರಡನೆಯದರ ರೀಮೇಕ್ 2026ಕ್ಕೆ ಎಂದು ಘೋಷಿಸಿದ್ದಾರೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಹಳೆಯ ಎರಡನೆಯದು ಕಂಪ್ಯೂಟರಿನಲ್ಲಿ ಸಿಗುತ್ತದೆ, ಚಿತ್ರ ಹಳತಾದರೂ ಮಾತು ಹಳತಾಗಿಲ್ಲ. ಹಳೆಯ ಗೇಮ್‌ಗಳ ಕಂಪ್ಯೂಟರ್ ಆವೃತ್ತಿಗಳಲ್ಲಿ ಟರ್ಬೊ ಎಂಬ ಸೌಲಭ್ಯವಿದೆ. ಒತ್ತಿಹಿಡಿದರೆ ಹೊಡೆದಾಟ, ಓಡಾಟ ಎಲ್ಲ ದುಪ್ಪಟ್ಟು ವೇಗ. ಧಾರಾಳವಾಗಿ ಬಳಸಿ. ಮಾತಿನ ಜಾಗದಲ್ಲಿ ಮಾತ್ರ ಬೆರಳು ತೆಗೆಯಿರಿ.

ಹದಿಮೂರು ಗೇಮ್ ಎಂದರೆ ಎಷ್ಟು ಕಾಲ ಎಂದು ಅಕ್ಕನ ಮಗ ಹೆದರಿದ. ಒಂದೊಂದಕ್ಕೆ ಸುಮಾರು ಅರುವತ್ತು ಗಂಟೆ ಇಟ್ಟುಕೊಳ್ಳೋಣ. ಅವನ ಆಫೀಸು ವೈಟ್‌ಫೀ‌ಲ್ಡಿನಲ್ಲಿ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನಲವತ್ಮೂರು ಕಿಲೋಮೀಟರ್ ಒಂದೇ ರೈಲು. ಅವನಿಗೆ ಹೋಗುವಾಗ ಒಂದೂಕಾಲು ಗಂಟೆ ಮೇಲೆ, ಬರುವಾಗ ಅಷ್ಟೇ. ತಿಂಗಳಿಗೆ ಇಪ್ಪತ್ತೆರಡು ದಿನದ ಕೆಲಸ ಎಂದರೆ ಐವತ್ತೈದು, ಅರುವತ್ತು ಗಂಟೆ. ಕೈಯಲ್ಲಿ ಹಿಡಿದು ಆಡುವ ಯಂತ್ರವೊಂದಿದ್ದರೆ ತಿಂಗಳಿಗೊಂದು ಟ್ರೇಲ್ಸ್ ಮುಗಿಯುತ್ತದೆ! ಕೆಂಗೇರಿಯವರಿಗೆ ಸೀಟೂ ಸಿಗುತ್ತದೆ. ಅತ್ತಿಗುಪ್ಪೆ, ವಿಜಯನಗರದಲ್ಲಿ ಹತ್ತುವವರಿಗೆ ಆ ಭಾಗ್ಯವಿಲ್ಲ. ರಾಜಾಜಿನಗರದವರು ಹಸಿರು ಮಾರ್ಗದಿಂದ ಮೆಜೆಸ್ಟಿಕ್‌ನಲ್ಲಿ ಇಳಿದು ನೂಕಾಡುವಾಗ ಯಂತ್ರವನ್ನು ಬ್ಯಾಗಿನಿಂದ ತೆಗೆಯದಿರುವುದೇ ಕ್ಷೇಮ. ಬಸವೇಶ್ವರನಗರಕ್ಕೆ ಮೆಟ್ರೊ ಇನ್ನೂ ಬಂದಿಲ್ಲ. ಅಲ್ಲಿಯವರು ರಾತ್ರಿ ಊಟವಾದ ಮೇಲೆ ಟಿವಿ ಖಾಲಿಯಾಗುವುದನ್ನು ಕಾಯಬೇಕು.

ಯಂತ್ರದ ವಿಷಯದಲ್ಲಿ ಒಂದು ಎಚ್ಚರ. ಕ್ರಮ ನಿರ್ಧರಿಸಿ ಆಮೇಲೆ ಯಂತ್ರ ಕೊಳ್ಳಿ, ತಿರುಗಾಮುರುಗಾ ಮಾಡಬೇಡಿ. ನಿಂಟೆಂಡೊ ತನ್ನ ಎಲ್ಲ ಯಂತ್ರಗಳನ್ನೂ ಭಾರತದಲ್ಲಿ ಅಧಿಕೃತವಾಗಿ ಮಾರಿಲ್ಲ. ಹೊರಗಿನಿಂದ ತರಿಸಿದ್ದಕ್ಕೆ ರಿಪೇರಿ ಯಾರ ಹೊಣೆಯೂ ಅಲ್ಲ. 2023ರ ಮಾರ್ಚ್ 27ರಂದು ಆ ಕಂಪನಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮ್‌ಗಳು ಎಷ್ಟೋ ಸರಣಿಗಳ ನಡುವಿನಿಂದ ಕಳಚಿ ಬಿದ್ದವು. ಟ್ರೇಲ್ಸ್‌ನ ಮಟ್ಟಿಗೆ ಹದಿಮೂರೂ ಒಂದೇ ಕಡೆ ಸಿಗುವುದು ಕಂಪ್ಯೂಟರಿನಲ್ಲಿ, ಸ್ಟೀಮ್‌ನಲ್ಲಿ.

ಉಳಿದದ್ದು ಅಕ್ಕನ ಮಗನ ಪ್ರಶ್ನೆಯ ಎರಡನೆಯ ಅರ್ಧ, ಹೊಸದರಿಂದಲೇ ಶುರು ಮಾಡಿದರೆ? ಹೊಸ ದೇಶ, ಹೊಸ ನಾಯಕ ವ್ಯಾನ್ ಆರ್ಕ್‌ರೈಡ್‌ನೊಂದಿಗೆ 2021ರಲ್ಲಿ ಜಪಾನಿನಲ್ಲೂ, 2024ರಲ್ಲಿ ಇಂಗ್ಲಿಷಿನಲ್ಲೂ ಬಂದ ‘ಡೇಬ್ರೇಕ್’ ಹೊಸಬರಿಗೂ ಹೊಂದುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಎರಡನೆಯ ಪಾತ್ರವಾಗಿ ಬರುವ ಹೈಸ್ಕೂಲು ಹುಡುಗಿ ಆ ಭೂಗತ ಜಗತ್ತಿಗೆ ನಮ್ಮಷ್ಟೇ ಹೊಸಬಳು, ಅವಳಿಗೆ ಹೇಳುವ ನೆಪದಲ್ಲಿ ನಮಗೂ ಹೇಳುತ್ತಾರೆ. ತಕ್ಕಮಟ್ಟಿನ ಸಿಂಹಾವಲೋಕನವೇ. ಆದರೆ ಅದೇ ಕಥೆಯ ಮೂರನೆಯ ಗೇಮ್ ‘ಬಿಯಾಂಡ್ ದಿ ಹೊರೈಜನ್’ಗೆ ಬರುವಷ್ಟರಲ್ಲಿ ಹಳೆಯ ದೇಶಗಳವರೆಲ್ಲ ಬಂದು ಕೂತಿರುತ್ತಾರೆ, ಅವರನ್ನು ಯಾರೂ ಪರಿಚಯ ಮಾಡಿಕೊಡುವುದಿಲ್ಲ. ಹಾಗಾಗಿ ಹದಿಮೂರಕ್ಕೆ ಕೈಹಾಕುವ ಧೈರ್ಯ ಇಲ್ಲದವರು, ಈ ಧಾಟಿ ತಮಗೆ ಒಗ್ಗುತ್ತದೋ ಇಲ್ಲವೋ ನೋಡಲು ಡೇಬ್ರೇಕ್‌ನ ಮೊದಲನೆಯದೊಂದನ್ನು ಆಡಿ ನಿಲ್ಲಿಸಬಹುದು. ಬೀದಿಯವರನ್ನೆಲ್ಲ ಮಾತಾಡಿಸಿಕೊಂಡು ಓಡಾಡುವುದು ಬೇಸರ ತಂದರೆ ಅಲ್ಲಿಗೆ ಬಿಟ್ಟುಬಿಡಿ, ಹಿಂದಿನ ಹತ್ತರಲ್ಲೂ ಅದೇ ಇದೆ. ಹಿಡಿಸಿತೋ, ಡೇಬ್ರೇಕ್‌ನ ಎರಡನೆಯದಕ್ಕೆ ಎತ್ತಿಟ್ಟ ದುಡ್ಡನ್ನು ಸ್ಕೈಗೆ ಹಾಕಿ. ಚಳಿಗಾಲದ ಸೇಲ್ ಹೊತ್ತಿಗೆ ಆ ದುಡ್ಡಲ್ಲಿ ಹಳೆಯ ಸ್ಕೈ ಮೂರೂ ಬಂದರೂ ಬರಬಹುದು.